ಮತ್ತೆ ಲಾಗಿನ್ ಆದ್ರಾಯ್ತಲ್ಲ!

‘ನಿಮ್ಮ ಸೆಶನ್ ಮುಗಿದಿದೆ, ದಯವಿಟ್ಟು ಮತ್ತೆ ಲಾಗಿನ್ ಆಗಿ’ ಅನ್ನೋ ಸಾಲು ನೋಡಿ ಬೈದುಕೊಳ್ಳದವರು ಯಾರಿದ್ದಾರೆ? ಅರ್ಧ ಗಂಟೆ ಸುಮ್ಮನೆ ಕೂತಿದ್ರೆ ಸರಿ, ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಯಾರೂ ಬದಲಾಯಿಸದಿದ್ದರೆ ಮಿತಿ 30 ನಿಮಿಷ. ಆದರೆ ಈಗ ತಾನೇ ಬಟನ್ ಒತ್ತಿದವರನ್ನೂ ಆಚೆ ಹಾಕಿತು ಅಂದ್ರೆ, ಬಹಳ ಸಲ ಕಾರಣ ಬೇರೆ ಇರುತ್ತೆ. ನಿಮ್ಮ ಗುರುತಿದ್ದ ಸರ್ವರ್ ಒಂದು, ಈಗ ಉತ್ತರ ಕೊಡ್ತಿರೋ ಸರ್ವರ್ ಇನ್ನೊಂದು.

ಎಚ್‌ಟಿಟಿಪಿಗೆ ಹುಟ್ಟಿನಿಂದಲೇ ಮರೆವು. ಹತ್ತನೇ ಸಲ ಹೋದರೂ ಹೊಸಬರ ಹಾಗೇ ನೋಡುತ್ತೆ. ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕಿ ಅನ್ನೋ ಉಪಾಯ ಹುಡುಕಿದರು. ಕುಕಿಯಲ್ಲಿ ಸಾಮಾನ್ಯವಾಗಿ ಇರೋದು ಟೋಕನ್ ನಂಬರ್ ಮಾತ್ರ. ನೀವು ಯಾರು, ಯಾವ ಪುಟದಲ್ಲಿದ್ದೀರಿ ಅನ್ನೋದೆಲ್ಲ ಸರ್ವರ್‌ನ ಮೆಮೊರಿಯಲ್ಲಿ.

ನಮ್ಮೂರ ದಿನಸಿ ಅಂಗಡೀಲಿ ಅಣ್ಣ ತಮ್ಮ ಇಬ್ಬರು ಕೂರ್ತಿದ್ರು. ಸಾಲದ ಲೆಕ್ಕ ಪೂರ್ತಿ ಅಣ್ಣನ ತಲೇಲಿ. ಅಣ್ಣ ಮದುವೆಗೆ ಅಂತ ಹೋದ ದಿನ ತಮ್ಮ ‘ನಂಗೊತ್ತಿಲ್ಲ, ಅಣ್ಣ ಬರ್ಲಿ’ ಅಂತ ಕೈ ಆಡಿಸ್ತಿದ್ದ. ನಮ್ಮ ಲೋಡ್ ಬ್ಯಾಲೆನ್ಸರ್‌ಗಳ ‘ಸ್ಟಿಕಿ ಸೆಶನ್’ ಅಂದ್ರೆ ಇದೇ: ಯಾವಾಗಲೂ ಅಣ್ಣನ ಹತ್ತಿರಾನೇ ಹೋಗಿ. ಅಣ್ಣ ಇರೋವರೆಗೂ ತೊಂದರೆ ಇಲ್ಲ.

ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟ್ ವಿದ್ಯಾರ್ಥಿವೇತನದ ಅರ್ಜಿಯದು. ನಾಲ್ಕು ಸರ್ವರ್, ಸ್ಟಿಕಿ ಸೆಶನ್. ಯಾವುದನ್ನಾದರೂ ರೀಸ್ಟಾರ್ಟ್ ಮಾಡಿದರೆ ಅದಕ್ಕೆ ಅಂಟಿಕೊಂಡಿದ್ದವರೆಲ್ಲ ಪಕ್ಕದ ಸರ್ವರ್‌ಗೆ ಹೋಗಿ, ಅಲ್ಲಿಂದ ಸೀದಾ ಲಾಗಿನ್ ಪುಟಕ್ಕೆ. ಮೀಟಿಂಗ್‌ನಲ್ಲಿ ಇದನ್ನ ಎತ್ತಿದಾಗ ಮ್ಯಾನೇಜರ್ ಅಂದ್ರು, ‘ಮತ್ತೆ ಲಾಗಿನ್ ಆದ್ರಾಯ್ತಲ್ಲ, ಅದಕ್ಯಾಕೆ ಎರಡು ವಾರದ ಕೆಲಸ?’

ಎಸಿ ರೂಮಿನಲ್ಲಿ ಕೂತವರಿಗೆ ಅದು ನಿಜಾನೇ. ನನಗೆ ನೆನಪಾಗಿದ್ದು ನಮ್ಮ ಹೋಬಳಿಯ ಸೈಬರ್ ಸೆಂಟರ್. ಇರೋದು ಎರಡು ಕಂಪ್ಯೂಟರ್, ಹಿಂದೆ ಎಂಟು ಜನ ಕಾಯ್ತಿರ್ತಾರೆ. ಗಂಟೆ ಲೆಕ್ಕದಲ್ಲಿ ದುಡ್ಡು. ಒಂದು ದಿನದ ಕೂಲಿ ಬಿಟ್ಟು ಮಗಳ ಜೊತೆ ಬಂದ ಅಪ್ಪ ಬಾಗಿಲ ಹತ್ತಿರ ನಿಂತು ಕೊನೇ ಬಸ್ಸಿನ ಟೈಮ್ ಕೇಳ್ತಿರ್ತಾನೆ. ಆರು ಪುಟದ ಅರ್ಜೀಲಿ ಐದನೇ ಪುಟಕ್ಕೆ ಬಂದಾಗ ಆಚೆ ಹಾಕಿದ್ರೆ ಆ ಹುಡುಗಿ ‘ಆಮೇಲೆ ತುಂಬ್ತೀನಿ’ ಅನ್ನೋ ಹಾಗಿಲ್ಲ, ನಾಳೆ ಕೊನೇ ದಿನ. ಇದನ್ನೇ ಮೀಟಿಂಗ್‌ನಲ್ಲಿ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ ಅನ್ಸುತ್ತೆ.

ಎರಡು ವಾರ ಸಿಕ್ಕಿತು. ಮೊದಲು ಟಾಮ್‌ಕ್ಯಾಟ್‌ನದೇ ರೆಪ್ಲಿಕೇಶನ್ ನೋಡಿದ್ವಿ. ಅದರ ಡೆಲ್ಟಾ ಮ್ಯಾನೇಜರ್ ಪ್ರತಿ ಬದಲಾವಣೆಯನ್ನೂ ಎಲ್ಲಾ ಸರ್ವರ್‌ಗೂ ಹೇಳುತ್ತೆ. ಅಣ್ಣ ತಮ್ಮ ಇಬ್ಬರೇ ಇದ್ದಾಗ ಇದು ನಡೆಯುತ್ತೆ, ಹತ್ತು ಜನ ಆದ್ರೆ ವ್ಯಾಪಾರಕ್ಕಿಂತ ಸುದ್ದಿ ಹೇಳೋದೇ ಜಾಸ್ತಿ. ಕೊನೇ ವಾರಕ್ಕೆ ಸರ್ವರ್ ಹೆಚ್ಚಿಸೋದು ಗ್ಯಾರಂಟಿ ಇತ್ತು, ಅದಕ್ಕೇ ಬಿಟ್ವಿ. ಒಂದೇ ಪುಸ್ತಕ ಇಡೋದು ಅಂತ ತೀರ್ಮಾನ ಆಯ್ತು: ರೆಡಿಸ್. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದಿದ್ದು. ಎಲ್ಲ ಸರ್ವರ್‌ಗಳೂ ಟೋಕನ್ ಹಿಡಿದು ಅಲ್ಲೇ ಕೇಳ್ತವೆ. ಪುಸ್ತಕಾನೇ ಸುಟ್ಟುಹೋದ್ರೆ? ಅದಕ್ಕೆ ಇನ್ನೊಂದು ಮಶೀನ್‌ನಲ್ಲಿ ಪ್ರತಿ.

ಕಷ್ಟ ಆಗಿದ್ದು ರೆಡಿಸ್ ಅಲ್ಲ, ಸೆಶನ್ ಒಳಗಿನ ಸಂತೆ. ಸರ್ವರ್‌ನಿಂದ ಹೊರಗೆ ಕಳಿಸಬೇಕಂದ್ರೆ ಒಳಗಿರೋ ಪ್ರತಿ ವಸ್ತುವೂ ಸೀರಿಯಲೈಜ್ ಆಗ್ಬೇಕು. ತೆಗೆದು ನೋಡಿದ್ರೆ ಯಾರೋ ಪುಣ್ಯಾತ್ಮ ಡೇಟಾಬೇಸ್ ಕನೆಕ್ಷನ್ನನ್ನೇ ಅದರೊಳಗೆ ತುರುಕಿದ್ದ, ಜೊತೆಗೆ ಜಾತಿ ಪ್ರಮಾಣಪತ್ರದ ಸ್ಕ್ಯಾನ್ ಬೇರೆ! ಗುಡಿಸಿ ಗುಡಿಸಿ ಕೊನೆಗೆ ಸೆಶನ್‌ನಲ್ಲಿ ಉಳಿಸಿದ್ದು ಗುರುತು ಮತ್ತು ಪುಟದ ನಂಬರ್ ಮಾತ್ರ. ತುಂಬಿದ ಅರ್ಜಿ ಪುಟ ಪುಟಕ್ಕೂ ಡೇಟಾಬೇಸ್‌ಗೇ ಹೋಗೋ ಹಾಗೆ ಮಾಡಿದ್ವಿ. ನನ್ನ ಪ್ರಕಾರ ರೆಡಿಸ್‌ಗಿಂತ ದೊಡ್ಡ ಕೆಲಸ ಇದು. ಕರೆಂಟ್ ಹೋದರೂ ನಾಲ್ಕು ಪುಟ ಉಳಿಯುತ್ತೆ.

ಕೊನೇ ವಾರ, ಮಧ್ಯಾಹ್ನದ ಹೊತ್ತು, ಜನ ತುಂಬಿರೋವಾಗಲೇ ಒಂದು ಸರ್ವರ್ ನಿಲ್ಲಿಸಿದ್ವಿ. ಲಾಗ್‌ನಲ್ಲಿ ಮೂರನೇ ಪುಟದವರು ನಾಲ್ಕಕ್ಕೆ, ನಾಲ್ಕನೇ ಪುಟದವರು ಐದಕ್ಕೆ ಹೋಗ್ತಾನೇ ಇದ್ರು. ಮ್ಯಾನೇಜರ್ ಹಿಂದೆ ಬಂದು ನಿಂತು, ‘ಯಾವಾಗ ನಿಲ್ಲಿಸ್ತೀರಾ?’ ಅಂದ್ರು.

‘ನಿಲ್ಲಿಸಿ ಹತ್ತು ನಿಮಿಷ ಆಯ್ತು ಸರ್.’