ಹಲೋ... ಹೊಳವನಹಳ್ಳಿ ಕೇಳಿಸ್ತಿದೆಯಾ?

ಬರೀಬೇಕು ಬರೀಬೇಕು ಅಂದ್ಕೊಂಡು ಮೂರು ವಾರ ಕಳೀತು. ಆಫೀಸು, ರಿಲೀಸು, ಮತ್ತೆ ಆಫೀಸು. ಕೊನೆಗೂ ಇವತ್ತು ಕೂತಿದ್ದೀನಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಹೊಳವನಹಳ್ಳಿ, ಕೊರಟಗೆರೆ ತಾಲೂಕು. ಈ ಸಲ ಬ್ಯಾಗಿನಲ್ಲಿ ಬಟ್ಟೆಗಿಂತ ಬೇರೆ ಸಾಮಾನೇ ಜಾಸ್ತಿ. ತಾಮ್ರದ ತಂತಿ, ನೈಲಾನ್ ಹಗ್ಗ, 12 ವೋಲ್ಟಿನ ಬ್ಯಾಟರಿ, ಸೆಕೆಂಡ್ ಹ್ಯಾಂಡ್ ರೇಡಿಯೋ ಸೆಟ್ಟು. ಹಿತ್ತಲಿನ ಎರಡು ತೆಂಗಿನಮರಗಳ ನಡುವೆ ತಂತಿ ಕಟ್ಟುತ್ತಾ ಇದ್ದೆ. ಅಪ್ಪ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು.

"ಏನ್ ಮಗಾ, ಬಟ್ಟೆ ಒಣಗಾಕಕ್ಕಾ?"

"ಇಲ್ಲಪ್ಪ, ಬೆಂಗಳೂರಿನವರ ಜೊತೆ ಮಾತಾಡಕ್ಕೆ."

"ಜೇಬಲ್ಲಿ ಫೋನ್ ಐತಲ್ಲಾ?"

ಈ ಪ್ರಶ್ನೆ ಎಲ್ಲ ಹ್ಯಾಮ್‌ಗಳೂ ಕೇಳಿಸಿಕೊಂಡಿರುತ್ತಾರೆ :-) ಹ್ಯಾಮ್ ಅಂದ್ರೆ ಹವ್ಯಾಸಿ ರೇಡಿಯೋದವರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತಗೊಂಡು, ಸ್ವಂತ ಸೆಟ್ಟಿನಿಂದ ಇನ್ನೊಬ್ಬ ಹ್ಯಾಮ್ ಜೊತೆ ಮಾತಾಡುವವರು. ಮಧ್ಯದಲ್ಲಿ ಯಾವ ಕಂಪನಿಯ ಟವರೂ ಇಲ್ಲ, ರೀಚಾರ್ಜೂ ಇಲ್ಲ. ನಾನು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಸೀನಿಯರ್ ಒಬ್ಬ ಬೆಂಗಳೂರಿನ ಹ್ಯಾಮ್‌ಗಳ ಹತ್ರ ಎಳೆದುಕೊಂಡು ಹೋಗಿದ್ದ. ಪರೀಕ್ಷೆ ಬರೆದೆ. ವಿಯು3 ಅಂತ ಶುರುವಾಗುವ ಕರೆಸಂಕೇತ ಸಿಕ್ಕಿತು. ಲೈಸೆನ್ಸಿನಲ್ಲಿರೋ ವಿಳಾಸ ಹೊಳವನಹಳ್ಳಿಯದೇ. ಆದರೆ ಅಲ್ಲಿಂದ ಒಂದು ಸಲವೂ ಮಾತಾಡಿರಲಿಲ್ಲ!

ಬೆಂಗಳೂರಿಗೆ ಈ ಹುಚ್ಚು ಹಳೇದು. ಅಲ್ಲಿನ ಅಮೆಚೂರ್ ರೇಡಿಯೋ ಕ್ಲಬ್ ಶುರುವಾಗಿದ್ದು 1959ರಲ್ಲಿ. ಕ್ಲಬ್ಬು ಅಂದ ತಕ್ಷಣ ಇಸ್ಪೀಟು ನೆನೆಸ್ಕೋಬೇಡಿ. ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಎಲ್ಲರೂ ಒಂದೇ ಫ್ರೀಕ್ವೆನ್ಸಿಗೆ ಬಂದು ಹಾಜರಿ ಹಾಕ್ತಾರೆ, ಇದಕ್ಕೆ 'ನೆಟ್' ಅಂತಾರೆ. ಯಾರೋ ಒಬ್ಬರು ಟ್ರಾನ್ಸ್‌ಮಿಟರ್ ಬಚ್ಚಿಟ್ಟು ಕೂರ್ತಾರೆ, ಉಳಿದವರು ಆಂಟೆನಾ ತಿರುಗಿಸುತ್ತಾ ಹುಡುಕ್ತಾರೆ. ಅದು 'ಫಾಕ್ಸ್ ಹಂಟ್'. ಕಾರ್ ರ್‍ಯಾಲಿ ನಡೆದರೆ ಸಿಗ್ನಲ್ ಇಲ್ಲದ ಕಾಡುದಾರಿಯಲ್ಲಿ ಸೆಟ್ಟು ಹಿಡಿದು ಕೂರೋದೂ ಇವರೇ. ಹ್ಯಾಮ್‌ಗಳಿಗೋಸ್ಕರ ಇಸ್ರೋ 2005ರ ಮೇ 5ರಂದು ಹ್ಯಾಮ್‌ಸ್ಯಾಟ್ ಅನ್ನೋ 42.5 ಕೆಜಿಯ ಉಪಗ್ರಹವನ್ನೇ ಹಾರಿಸಿತ್ತು. ಅದು 2014ರವರೆಗೂ ಕೆಲಸ ಮಾಡಿತು.

ಇಷ್ಟೆಲ್ಲಾ ಹೇಳಿದ ನಾನು ಮಾಡಿದ್ದೇನು? ಕೆಲಸ ಸಿಕ್ಕಿದ ಮೇಲೆ ಸೆಟ್ಟನ್ನು ಬಾಡಿಗೆ ಮನೆಯ ಬೀರುವಿನಲ್ಲಿ ಇಟ್ಟೆ. ಅಷ್ಟೇ.

2021ರ ನವೆಂಬರ್ ಮಳೆ ನೆನಪಿದೆಯಾ? ಆಗ ಅಪ್ಪನಿಗೆ ಸ್ಟೆಂಟ್ ಹಾಕಿಸಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಊರಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಅಮ್ಮನ ಫೋನಿಗೂ ಇಲ್ಲ, ಪಕ್ಕದ ಮನೆಗೂ ಇಲ್ಲ. ಜಯಮಂಗಲಿ ತುಂಬಿ ಹರೀತಿದೆ ಅಂತ ಸುದ್ದಿ ಬೇರೆ. ರಾತ್ರಿಯೆಲ್ಲಾ ರೀಡಯಲ್ ಒತ್ತುತ್ತಾ ಕೂತಿದ್ದೆ. ಮಾರನೇ ದಿನ ಮಧ್ಯಾಹ್ನ ಅಮ್ಮನ ಫೋನ್ ಬಂತು. "ಕರೆಂಟ್ ಇರ್ಲಿಲ್ಲ ಕಣೋ, ನಾವು ಚೆನ್ನಾಗೇ ಇದೀವಿ, ನೀನ್ ಉಂಡ್ಯಾ?" ಅಂದರು. ನನಗೆ ಅಳು ಬಂತು. ಆಗಲೇ ಬೀರುವಿನಲ್ಲಿದ್ದ ಸೆಟ್ಟು ನೆನಪಾಗಿದ್ದು.

ಇದನ್ನು ಆಮೇಲೆ ಹಿರಿಯ ಹ್ಯಾಮ್ ಒಬ್ಬರ ಹತ್ರ ಹೇಳಿಕೊಂಡೆ. ಅವರು ಸಮಾಧಾನ ಏನೂ ಮಾಡಲಿಲ್ಲ. "ಆವತ್ತು ಸೆಟ್ಟು ಆನ್ ಮಾಡಿದ್ರೂ ಏನಾಗ್ತಿತ್ತಯ್ಯ? ಆ ತುದೀಲಿ ಯಾರಿದ್ರು?" ಅಂದರು.

ಅವರು ಹೇಳಿದ್ದು ನಿಜ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅಂಡಮಾನಿನಿಂದ ಸುದ್ದಿ ಹೊರಬಂದಿದ್ದು ಹೇಗೆ? ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ತಮ್ಮ ತಂಡದ ಜೊತೆ ಹವ್ಯಾಸಕ್ಕೆ ಅಂತ ಪೋರ್ಟ್‌ಬ್ಲೇರಿಗೆ ಹೋಗಿ ವಿಯು4ಆರ್‌ಬಿಐ ಅನ್ನೋ ಸಂಕೇತದಲ್ಲಿ ಮಾತಾಡ್ತಾ ಇದ್ದರು. ನೆಲ ನಡುಗಿದ ಮೇಲೂ ಅವರು ಸೆಟ್ಟಿನ ಮುಂದೆ ಕೂತರು, ಜನರ ಕ್ಷೇಮಸಮಾಚಾರವನ್ನು ಇತ್ತ ದಾಟಿಸಿದರು. ಆ ತುದಿಯಲ್ಲಿ ಅವರಿದ್ದರು, ಅದಕ್ಕೇ ಅದು ಸಾಧ್ಯವಾಯ್ತು.

ಸರಿ, ತೆಂಗಿನಮರಕ್ಕೆ ಬರೋಣ. ಹೊಳವನಹಳ್ಳಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರು. ಮೊದಲು ಕೈಸೆಟ್ಟಿನಲ್ಲಿ, ಎರಡು ಮೀಟರ್ ಬ್ಯಾಂಡಿನಲ್ಲಿ ಕರೆದೆ. ಬರೀ ಸುಯ್ ಅನ್ನೋ ಸದ್ದು. ಆ ಅಲೆಗಳು ಹೆಚ್ಚುಕಮ್ಮಿ ನೇರವಾಗಿ ಹೋಗ್ತವೆ, ನಡುವೆ ಗುಡ್ಡ ದಿಣ್ಣೆ ಇದ್ದರೆ ಮುಗೀತು. ಆಮೇಲೆ ದೊಡ್ಡ ಸೆಟ್ಟಿಗೆ ತಂತಿ ಸಿಕ್ಕಿಸಿದೆ. 40 ಮೀಟರ್ ಬ್ಯಾಂಡು, 7.1 ಮೆಗಾಹರ್ಟ್ಸ್, ಒಂದೊಂದು ಕಡೆ 33 ಅಡಿ ತಂತಿ. ತಂತಿ ತೀರಾ ಎತ್ತರದಲ್ಲಿ ಇಲ್ಲದಿದ್ದರೆ ಈ ಅಲೆಗಳು ಬಹುಪಾಲು ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ತಾಗಿ, ಸುತ್ತಮುತ್ತಲ ಜಿಲ್ಲೆಗಳ ಮೇಲೆ ಮಳೆ ಥರ ಇಳೀತವೆ. ಗುಡ್ಡಗಳ ತಂಟೆಯೇ ಇಲ್ಲ. ಆದರೆ ಇದು ಹಗಲಿನ ಆಟ. ರಾತ್ರಿಯಾದರೆ ಸಾಮಾನ್ಯವಾಗಿ ಹತ್ತಿರದವರು ಮಾಯವಾಗಿ ದೂರದವರು ಕೇಳಿಸ್ತಾರೆ.

ಕರೆದೆ. ಇನ್ನೊಮ್ಮೆ ಕರೆದೆ. ಮೂರನೇ ಸಲಕ್ಕೆ ಗೊರಗೊರ ಸದ್ದಿನ ಒಳಗಿಂದ ಅದೇ ಹಿರಿಯರ ದನಿ! "ಹೊಳವನಹಳ್ಳಿ, ಚೆನ್ನಾಗಿ ಕೇಳಿಸ್ತಿದೆ, ಐದು-ಏಳು. ನಿಮ್ಮ ತಂದೆಯವರು ಅಲ್ಲೇ ಇದ್ದರೆ ನನ್ನ ನಮಸ್ಕಾರ ಹೇಳಿ."

ತಿರುಗಿ ನೋಡಿದೆ. ಅಪ್ಪ ರೇಡಿಯೋಗೆ ಕೈ ಮುಗಿದು ನಿಂತಿದ್ದರು.

ಆಮೇಲೆ ಫೋನಿನ ಪ್ರಶ್ನೆ ಕೇಳಲಿಲ್ಲ. ಬೇರೆಯದನ್ನೇ ಕೇಳಿದರು. "ನೀನು ಅಲ್ಲಿರ್ತೀಯ. ಮಳೆ ಬಂದ್ ದಿನ ಇದುನ್ನ ಇಲ್ಲಿ ಯಾರು ಮಾತಾಡ್ಸೋರು?"

ನೋಡಿ, ಆ ಹಿರಿಯರು ಕೇಳಿದ್ದೂ ಇದನ್ನೇ! ಲೈಸೆನ್ಸ್ ಇಲ್ಲದೆ ಅಪ್ಪ ಅದನ್ನು ಮುಟ್ಟುವ ಹಾಗಿಲ್ಲ, ಅವರಿಗೆ ಆ ವಯಸ್ಸೂ ಅಲ್ಲ. ಆದರೆ ಊರಿನಲ್ಲೇ ಇರೋ ಅಕ್ಕನ ಮಗಳು ಒಂಬತ್ತನೇ ಕ್ಲಾಸು. 12 ವರ್ಷ ತುಂಬಿದವರು ಪರೀಕ್ಷೆ ಬರೀಬಹುದು. ಅವಳು ಅಷ್ಟರಲ್ಲೇ ಊಟದ ತಟ್ಟೆ ಮೇಲೆ ಚಮಚದಲ್ಲಿ ಮಾರ್ಸ್ ಬಡೀತಿದ್ದಳು. ಡಾ-ಡಿ-ಡಾ-ಡಿ, ಡಾ-ಡಾ-ಡಿ-ಡಾ. ಸಿಕ್ಯೂ. 'ಯಾರಾದ್ರೂ ಇದ್ದೀರಾ' ಅಂತ ಅರ್ಥ. ಅಮ್ಮ ಬೈದರು.

ಸೆಟ್ಟು ಈಗ ಮತ್ತೆ ಬೆಂಗಳೂರಿಗೆ ಬಂದಿದೆ, ಊರಿನಲ್ಲಿ ತಂತಿ ಮಾತ್ರ ಬಿಟ್ಟು ಬಂದಿದ್ದೀನಿ. ನಾಳೆಯೇ ಹೊಳೆ ತುಂಬಿದರೆ 2021ರಲ್ಲಿದ್ದ ಪರಿಸ್ಥಿತಿಯೇ. ಸುಳ್ಳು ಯಾಕೆ ಹೇಳಲಿ? ಭಾನುವಾರ ಭಾನುವಾರ ಫೋನಿನಲ್ಲೇ ಅವಳಿಗೆ ಪಾಠ ನಡೀತಿದೆ. ಓಮ್‌ನ ನಿಯಮ ಮುಗೀತು, ಕೆಪಾಸಿಟರ್ ಹತ್ರ ನಿಂತಿದ್ದೀವಿ.

ನಿಮ್ಮೂರಿನಲ್ಲೂ ಯಾರಾದ್ರೂ ಹ್ಯಾಮ್ ಇದ್ದರೆ ಹೇಳಿ, ಒಂದು ದಿನ ಕರೆಯೋಣ.

ಹ್ಯಾಮ್‌ಗಳು ಮಾತು ಮುಗಿಸೋದು ಶುಭಾಶಯದ ಒಂದು ಸಂಖ್ಯೆಯಿಂದ. ನಾನೂ ಹಾಗೇ ಮುಗಿಸ್ತೀನಿ.

73.