ದೂರು ಬಾರದ ದಿನಗಳು

ನಾಡಿಗೆ ಕೇಡು ಬಂದಾಗ ಮನೆಯೇ ಆಶ್ರಯವೆಂಬುದು ಲೋಕದ ನಂಬಿಕೆ. ಆದರೆ ಹೊಡೆಯುವ ಕೈ ಮನೆಯೊಳಗೇ ಇದ್ದರೆ ಆ ಆಶ್ರಯವೇ ಸೆರೆಯಾಗುವುದು. 2020ನೆಯ ಇಸವಿಯ ಮಾರ್ಚ್ 25ರಿಂದ ಕೊರೋನಾ ರೋಗದ ನಿಮಿತ್ತ ಭಾರತವೆಲ್ಲವೂ 21 ದಿನಗಳ ದಿಗ್ಬಂಧನಕ್ಕೆ ಒಳಗಾಯಿತು; ಆ ಅವಧಿಯು ಮತ್ತೆ ಮತ್ತೆ ಬೆಳೆಯಿತು. ಆಗ ಎಷ್ಟೋ ಮಂದಿ ಸ್ತ್ರೀಯರ ಪಾಲಿಗೆ ಒದಗಿದುದು ಇಂತಹ ಸೆರೆಯೇ.

ಪೆಟ್ಟು ತಿಂದವಳು ನೆಟ್ಟಗೆ ಪೋಲೀಸು ಠಾಣೆಗೆ ಹೋಗುವುದು ಅಪರೂಪ. ಮೊದಲು ನೆರೆಮನೆಯಾಕೆಯೊಡನೆ ಹೇಳಿಕೊಳ್ಳುವಳು. ಬಳಿಕ ತವರಿಗೆ ಸುದ್ದಿ ಮುಟ್ಟಿಸುವಳು. ತಾಯಿಯೋ ಅಣ್ಣನೋ ಬಂದು ಅಳಿಯನಿಗೆ ಬುದ್ಧಿ ಹೇಳಿಯೂ ಫಲವಾಗದಿದ್ದರೆ, ಅವರನ್ನು ಜೊತೆಗೂಡಿ ಠಾಣೆಯ ಮೆಟ್ಟಿಲನ್ನೇರುವಳು. ಇಷ್ಟು ದೂರ ನಡೆಯುವವರೂ ಕೆಲವರೇ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದ ಸ್ತ್ರೀಯರಲ್ಲಿ ಯಾರಿಂದಲಾದರೂ ನೆರವನ್ನು ಕೋರಿದವರು ನೂರಕ್ಕೆ 14 ಮಂದಿ ಮಾತ್ರ.

ದಿಗ್ಬಂಧನವು ಈ ಕಿರುದಾರಿಯನ್ನೂ ಕಡಿಯಿತು. ಬಸ್ಸುಗಳು ನಿಂತವು, ತವರು ದೂರವಾಯಿತು. ನೆರೆಯವರು ಸೋಂಕಿನ ಭಯದಿಂದ ಕದವಿಕ್ಕಿಕೊಂಡರು. ಪೋಲೀಸರು ಹಾದಿಬೀದಿಗಳ ಕಾವಲಿನಲ್ಲಿ ಮುಳುಗಿದರು. ಗಂಡನಾದರೋ ಕೆಲಸವಿಲ್ಲದೆ ಹಗಲಿರುಳೂ ಮನೆಯಲ್ಲಿ. ಎಷ್ಟೋ ಮನೆಗಳಲ್ಲಿ ಇದ್ದೊಂದು ದೂರವಾಣಿಯೂ ಆತನ ಕೈಯಲ್ಲಿ.

ಇದನ್ನರಿತು ರಾಷ್ಟ್ರೀಯ ಮಹಿಳಾ ಆಯೋಗವು ಅದೇ ವರ್ಷದ ಏಪ್ರಿಲ್ 10ರಂದು, ಬರವಣಿಗೆಯಲ್ಲಿ ದೂರನ್ನು ತಿಳಿಸಲೆಂದು ವಾಟ್ಸಾಪ್ ಸಂಖ್ಯೆಯೊಂದನ್ನು ಪ್ರಕಟಿಸಿತು. ಆಯೋಗಕ್ಕೆ ಬರುವ ದೂರುಗಳು ಹೆಚ್ಚಿದವು. ಗಂಡನ ಕಿವಿಗೆ ಬೀಳದಂತೆ ಎರಡು ಸಾಲು ಬರೆಯಬಲ್ಲವಳಿಗೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಅಕ್ಷರವನ್ನರಿಯದ, ಸ್ವಂತ ದೂರವಾಣಿಯಿಲ್ಲದ ಬಡಹೆಂಗಸಿಗೆ ಅದರಿಂದ ಆದ ಲಾಭವೇನು? ಆಕೆಯ ಕಷ್ಟವು ಯಾವ ಲೆಕ್ಕದಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಆದುದರಿಂದ ವಿಪತ್ತಿನ ಕಾಲದಲ್ಲಿ ಠಾಣೆಯ ಪುಸ್ತಕವು ಬರಿದಾಗಿದ್ದರೆ, ಊರಿನ ಮನೆಗಳಲ್ಲಿ ಶಾಂತಿಯು ನೆಲಸಿದೆಯೆಂದು ಅಧಿಕಾರಿಗಳು ತಿಳಿಯಲಾಗದು.

2005ನೆಯ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಲ್ಲಿ ಹೆಚ್ಚು ಜನರು ಗಮನಿಸದ ಮಾತೊಂದಿದೆ. ಹಿಂಸೆ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು; ಸದ್ಭಾವದಿಂದ ತಿಳಿಸಿದವರ ಮೇಲೆ ಹೊಣೆ ಹೊರಿಸುವಂತಿಲ್ಲ. ನೊಂದವಳೇ ಹೊರಗೆ ಬರಬೇಕೆಂಬ ಕಟ್ಟು ಇಲ್ಲಿಲ್ಲ. ಗೋಡೆಯಾಚೆಯ ಅಳುವನ್ನು ಕೇಳಿಯೂ “ಅದು ಗಂಡಹೆಂಡಿರ ಜಗಳ” ಎಂದು ಸುಮ್ಮನಾಗುವ ನೆರೆಯವರು ಈ ಮಾತನ್ನು ತಿಳಿದಿರುವುದು ಒಳ್ಳೆಯದು. ಬೀದಿಗಳು ಮತ್ತೊಮ್ಮೆ ಮುಚ್ಚಿದರೂ ಗೋಡೆಯಾಚೆಯ ಕಿವಿಯೊಂದು ಆಕೆಯ ಸಮೀಪದಲ್ಲಿಯೇ ಇರುವುದು.