ಬೆಲ್ಟು ಬಿಚ್ಚದವರ ಸಾಲು

ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ತಪಾಸಣೆಗೆಂದು ಮಗಳು ನನ್ನನ್ನು ಉದ್ದನೆಯ ಸಾಲಿನಲ್ಲಿ ನಿಲ್ಲಿಸಿ, ಮೊಮ್ಮಗನೊಂದಿಗೆ ಪಕ್ಕದ 'ಪ್ರೀಚೆಕ್' ಸಾಲಿಗೆ ನಡೆದಳು. 2011ರಲ್ಲಿ ಆರಂಭವಾದ ವ್ಯವಸ್ಥೆ ಅದು. ಬೆರಳಚ್ಚು ಕೊಟ್ಟು, ಪೂರ್ವಾಪರ ಪರಿಶೀಲನೆಯಲ್ಲಿ ತೇರ್ಗಡೆಯಾದವರಿಗೆ 5 ವರ್ಷ ಅಲ್ಲಿ ಬೆಲ್ಟು ಬಿಚ್ಚುವ, ಲ್ಯಾಪ್‌ಟಾಪ್ ಹೊರತೆಗೆಯುವ ಗೋಜಿಲ್ಲ. ಅದರ ಶುಲ್ಕವನ್ನು ಅವಳ ದುಬಾರಿ ಕ್ರೆಡಿಟ್ ಕಾರ್ಡಿನವರೇ ಮರಳಿ ಕೊಟ್ಟರಂತೆ. ಕಾರ್ಡಿಗೇ ವರ್ಷಕ್ಕೆ ನೂರಾರು ಡಾಲರ್ ಕಟ್ಟುತ್ತಾಳೆ, ಆ ಮಾತು ಬೇರೆ! 12 ವರ್ಷದವರೆಗಿನ ಮಕ್ಕಳು ಅವಳೊಡನೆ ಹೋಗಬಹುದು, ಅಪ್ಪ ಹೋಗುವಂತಿಲ್ಲ. ನನ್ನಂಥ ಭಾರತೀಯ ಪ್ರವಾಸಿಗೆ 'ಗ್ಲೋಬಲ್ ಎಂಟ್ರಿ'ಯ ಪ್ರತ್ಯೇಕ ಅರ್ಜಿ ಬೇಕು. ಕಾರ್ಡು ಹಣ ಕೊಟ್ಟೀತೇ ಹೊರತು ಒಪ್ಪಿಗೆಯನ್ನಲ್ಲ.

ಬೆಲ್ಟು ಬಿಚ್ಚಿ, ಕೈಯೆತ್ತಿ ಗಾಜಿನ ಗೂಡಿನಲ್ಲಿ ನಿಂತೆ. ಎಕ್ಸ್ ಕಿರಣವಲ್ಲ, ಬಟ್ಟೆ ದಾಟಿ ಮೈಯಿಂದ ಪ್ರತಿಫಲಿಸುವ ಮಿಲಿಮೀಟರ್ ತರಂಗ. ಹೊರಬಂದರೆ ಆಚೆ ಮೊಮ್ಮಗ ಕೈಬೀಸಿ ಕರೆಯುತ್ತಿದ್ದ. ನನ್ನ ಒಂದು ಕೈ ಪ್ಯಾಂಟನ್ನು ಹಿಡಿದಿತ್ತು.